ರಟ್ಟು, ಮೈದಾ ಅಂಟು, ಒಂದು ಹಳೇ ಪಂಚೆ: ವೇಲ್ಸ್‌ನ ಕುದುರೆ ಬುರುಡೆ ಮನೆಯಲ್ಲೇ ಮಾಡುವುದು ಹೇಗೆ

ಜನವರಿ ರಾತ್ರಿ. ಹೊರಗೆ ಮಳೆ. ಯಾರೋ ಬಾಗಿಲು ಬಡಿಯುತ್ತಾರೆ. ತೆಗೆದರೆ ಎದುರಿಗೆ ಕುದುರೆಯ ತಲೆಬುರುಡೆ. ನಿಮಗಿಂತ ಒಂದಡಿ ಎತ್ತರ, ಕಣ್ಣಿನ ಗುಳಿಯಲ್ಲಿ ಹಸಿರು ಗಾಜು, ಕಿವಿಯ ಹತ್ತಿರ ಬಣ್ಣಬಣ್ಣದ ರಿಬ್ಬನ್ನು, ಕತ್ತಿನಿಂದ ಕೆಳಗೆ ಬರೀ ಬಿಳಿ ಬಟ್ಟೆ. ಅದು ಒಂದು ಸಲ ದವಡೆ ಕಟ್ ಅನ್ನಿಸುತ್ತದೆ. ಹಿಂದೆ ನಿಂತವರು ಹಾಡು ಶುರು ಮಾಡುತ್ತಾರೆ. ನೀವು ಕಿರುಚಬಾರದು, ಬಾಗಿಲು ಹಾಕಿಕೊಂಡು ಒಳಗಿನಿಂದ ಹಾಡಿನಲ್ಲೇ ಉತ್ತರ ಕೊಡಬೇಕು.

ಇದು ಮಾರಿ ಲುಯ್ಡ್. ದಕ್ಷಿಣ ವೇಲ್ಸ್‌ನ, ಅದರಲ್ಲೂ ಗ್ಲಮಾರ್ಗನ್ ಮತ್ತು ಗ್ವೆಂಟ್ ಕಡೆಯ ಚಳಿಗಾಲದ ಆಟ. ಕ್ರಿಸ್‌ಮಸ್‌ನಿಂದ ಜನವರಿ ಮೊದಲ ವಾರದವರೆಗೆ ಮನೆಮನೆಗೆ ಬರುತ್ತದೆ. ಕೆಲವು ಕಡೆ 13 ಜನವರಿಯವರೆಗೂ ಉಂಟು, ಯಾಕಂದರೆ 1752ರಲ್ಲಿ ಕ್ಯಾಲೆಂಡರ್ ಬದಲಾಗುವ ಮುಂಚಿನ ಹಳೇ ಹೊಸವರ್ಷದ ಲೆಕ್ಕ ಅಲ್ಲಿ ಪೂರ್ತಿ ಅಳಿಸಿಹೋಗಿಲ್ಲ.

ಹೆಸರು ಕೇಳಿದ ತಕ್ಷಣ ನಮ್ಮ ಅಮ್ಮ ಫೋನಿನಲ್ಲಿ "ಮಾರಿನಾ? ಅಲ್ಲೂ ಮಾರಮ್ಮ ಇದ್ದಾಳಾ?" ಅಂದರು. ಇಲ್ಲ, ಸಂಬಂಧವೇ ಇಲ್ಲ. ಬರೀ ಹೆಸರಿನ ಹೋಲಿಕೆ. ಲುಯ್ಡ್ ಅಂದರೆ ವೆಲ್ಶ್‌ನಲ್ಲಿ ಬೂದು ಬಣ್ಣ. ಮಾರಿ ಅಂದರೆ ಏನು ಅನ್ನುವುದರ ಮೇಲೆ ಪಂಡಿತರು ಇನ್ನೂ ಜಗಳ ಆಡುತ್ತಿದ್ದಾರೆ. ಬೂದು ಹೆಣ್ಣುಕುದುರೆ ಅಂತ ಒಂದು ಗುಂಪು, ಆದರೆ ವೆಲ್ಶ್‌ನಲ್ಲಿ ಹೆಣ್ಣುಕುದುರೆಗೆ ಕಾಸೆಗ್ ಅನ್ನುತ್ತಾರೆ. ಪವಿತ್ರ ಮೇರಿ ಅಂತ ಇನ್ನೊಂದು ಗುಂಪು, ಆದರೆ ಏಸುವಿನ ತಾಯಿಗೆ ವೆಲ್ಶ್‌ನಲ್ಲಿ ಮೈರ್ ಅನ್ನುವುದು ರೂಢಿ. ಎರಡಕ್ಕೂ ತೂತು ಇದೆ. ಇಂಟರ್ನೆಟ್ಟಿನಲ್ಲಿ ಸಾವಿರಾರು ವರ್ಷಗಳ ಕೆಲ್ಟಿಕ್ ಕುದುರೆ ದೇವತೆ ಅಂತೆಲ್ಲ ಬರೆದಿರುತ್ತಾರೆ, ನಂಬಬೇಡಿ. ಕೈಗೆ ಸಿಗುವ ಅತಿ ಹಳೇ ದಾಖಲೆ 1800ರಲ್ಲಿ ಅಚ್ಚಾದ ಒಂದು ಪ್ರವಾಸದ ಪುಸ್ತಕ, ಅಷ್ಟೇ.

ನಾನು ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ಗೆ ಬಂದ ಮೊದಲ ಚಳಿಗಾಲ ಗಡಿಯ ಊರು ಚೆಪ್‌ಸ್ಟೋಗೆ ಹೋಗಿ ಇದನ್ನು ನೋಡಿದೆ. ಆ ಜನವರಿಯಲ್ಲಿ ಅಲ್ಲಿ ಹತ್ತಾರು ಮಾರಿಗಳು ಒಟ್ಟಿಗೆ ಸೇರಿದ್ದವು. ವೈ ನದಿಯ ಮೇಲೆ 1816ರ ಹಳೇ ಕಬ್ಬಿಣದ ಸೇತುವೆ ಇದೆ, ಆ ಕಡೆ ಇಂಗ್ಲೆಂಡು, ಈ ಕಡೆ ವೇಲ್ಸು, ಎರಡೂ ಕಡೆಯವರು ಮೆರವಣಿಗೆಯಲ್ಲಿ ಬಂದು ಸೇತುವೆ ಮೇಲೆ ಎದುರುಬದುರಾದರು. ನೋಡಿದ್ದೇ ತಡ ನನಗೂ ಒಂದು ಬೇಕು ಅನ್ನಿಸಿತು. ಎರಡು ಮಾಡಿದೆ. ಮೊದಲನೆಯದು ಹಾಳಾಯಿತು. ಎರಡನೆಯದು ಮಾಡಿದ ಬಗೆ ಹೇಳುತ್ತೇನೆ.

ಶುರು ಮಾಡುವ ಮುಂಚೆ ಒಂದು ಮಾತು. ಬುರುಡೆ ಎಷ್ಟು ಭಯಂಕರವಾಗಿ ಕಾಣುತ್ತದೆ ಅನ್ನುವುದು ಮುಖ್ಯವಲ್ಲ. ರಕ್ತ, ಕೋರೆಹಲ್ಲು, ಹರಿದ ಚರ್ಮ, ಇದೆಲ್ಲ ಬೇಡ, ಅದು ಹ್ಯಾಲೋವೀನ್ ಅಂಗಡಿಯ ಸರಕು. ಮಾರಿಯ ಜೀವ ಇರುವುದು ಬಾಯಲ್ಲಿ. ದವಡೆ ಸದ್ದು ಮಾಡಬೇಕು, ಜೊತೆಯವರ ನಾಲಿಗೆ ಓಡಬೇಕು. ಇವೆರಡು ಸರಿ ಇದ್ದರೆ ಮುಖ ಸ್ವಲ್ಪ ಸೊಟ್ಟಗಿದ್ದರೂ ಯಾರೂ ಕೇಳುವುದಿಲ್ಲ.

ನಿಜವಾದ ಬುರುಡೆ ಬೇಡವೇ ಬೇಡ. ಹಿಂದೆ ಅದನ್ನೇ ಬಳಸುತ್ತಿದ್ದರು, ಕೆಲವು ಕಡೆ ವರ್ಷವಿಡೀ ಸುಣ್ಣದಲ್ಲಿ ಹೂತಿಟ್ಟು ಹಬ್ಬಕ್ಕೆ ತೆಗೆಯುತ್ತಿದ್ದರಂತೆ. ಈಗಲೂ ಹಳೇ ತಂಡಗಳ ಹತ್ತಿರ ಅಸಲಿ ಬುರುಡೆ ಇದೆ. ಆದರೆ ಅದು ಭಾರ, ನಾಲ್ಕು ಮನೆ ತಿರುಗುವಷ್ಟರಲ್ಲಿ ರಟ್ಟೆ ಬಿದ್ದುಹೋಗುತ್ತದೆ. ರಟ್ಟಿನಲ್ಲಿ ಮಾಡುವುದು ಇಲ್ಲಿಯವರಿಗೂ ಈಗ ಮಾಮೂಲು, ನಾಚಿಕೆ ಪಡಬೇಕಾಗಿಲ್ಲ.

ಕೈಯಲ್ಲಿ ಕಟ್ಟರ್ ಹಿಡಿಯುವ ಮುಂಚೆ ಕುದುರೆ ಬುರುಡೆಯ ಫೋಟೋ ಒಂದು ಹತ್ತು ನಿಮಿಷ ಸುಮ್ನೆ ನೋಡಿ. ಕಾಗದದ ಮೇಲೆ ನಾಲ್ಕು ಸಲ ಬರೆಯಿರಿ. ಎಲ್ಲರೂ ಮಾಡುವ ತಪ್ಪು ಒಂದೇ: ಕಣ್ಣನ್ನು ಮುಖದ ನಡುವೆ ಇಡುವುದು. ಕುದುರೆಯ ಮುಖ ಅಂದರೆ ಬಹುಪಾಲು ಮೂಗೇ. ಮೂತಿಯ ತುದಿಯಿಂದ ಅಳೆದರೆ ಮೂರರಲ್ಲಿ ಎರಡು ಪಾಲು ದಾಟಿದ ಮೇಲೆ ಕಣ್ಣಿನ ಗುಳಿ ಬರುತ್ತದೆ, ಅದೂ ಪಕ್ಕಕ್ಕೆ. ಗುಳಿಯ ಸುತ್ತ ಮೂಳೆ ಪೂರ್ತಿ ಬಳೆಯ ಹಾಗೆ ಸುತ್ತಿಕೊಂಡಿರುತ್ತದೆ. ನಾಯಿಯದಾದರೆ ಆ ಬಳೆ ಹಿಂದುಗಡೆ ತೆರೆದಿರುತ್ತದೆ, ಕುದುರೆಯದು ಮುಚ್ಚಿರುತ್ತದೆ. ಮೂಗಿನ ಮೂಳೆ ಮುಂದಕ್ಕೆ ಚೂಪಾಗಿ ಹಕ್ಕಿಯ ಕೊಕ್ಕಿನ ಥರ ಚಾಚಿ ಗಾಳಿಯಲ್ಲಿ ನಿಂತುಬಿಡುತ್ತದೆ, ಅದರ ಕೆಳಗೆ ಖಾಲಿ ಜಾಗ, ಆಮೇಲೆ ಮುಂದಿನ ಹಲ್ಲು. ಈ ಖಾಲಿ ಜಾಗವನ್ನು ಮುಚ್ಚಿದರೆ ನಿಮ್ಮ ಕುದುರೆ ಮೊಸಳೆ ಆಗುತ್ತದೆ. ನನ್ನ ಮೊದಲನೆಯದು ಹಾಗೇ ಆಗಿತ್ತು.

ಹಲ್ಲಿನ ವಿಷಯ: ಮುಂದೆ ಮೇಲೆ ಆರು, ಕೆಳಗೆ ಆರು. ಆಮೇಲೆ ಉದ್ದಕ್ಕೂ ಬೋಳು, ಕಡಿವಾಣ ಕೂರುವುದು ಅಲ್ಲೇ. ಆಮೇಲೆ ಹಿಂದೆ ಒಂದೊಂದು ಕಡೆ ಆರಾರು ದವಡೆ ಹಲ್ಲು, ಇಟ್ಟಿಗೆ ಜೋಡಿಸಿದ ಹಾಗೆ ಒತ್ತೊತ್ತಾಗಿ. ಆ ಬೋಳು ಜಾಗ ಬಿಟ್ಟರೆ ಸಾಕು, ನೋಡಿದವರಿಗೆ ಕಾರಣ ಗೊತ್ತಾಗದಿದ್ದರೂ "ಇದು ಕುದುರೆ" ಅನ್ನಿಸುತ್ತದೆ.

ಈಗ ರಟ್ಟು. ಫ್ರಿಜ್ಜೋ ವಾಷಿಂಗ್ ಮೆಷಿನ್ನೋ ಬಂದ ಡಬ್ಬ ಸಿಕ್ಕರೆ ಒಳ್ಳೆಯದು, ಎರಡು ಪದರದ ದಪ್ಪ ರಟ್ಟು ಅದು. ಪಕ್ಕದ ಹಲಗೆ ಎರಡು, ಒಂದೊಂದೂ 60 ಸೆಂ.ಮೀ. ಉದ್ದ, ಹಿಂದೆ 22 ಸೆಂ.ಮೀ. ಎತ್ತರ, ಮುಂದಕ್ಕೆ ಹೋದ ಹಾಗೆ ಸಣ್ಣಗಾಗಬೇಕು. ದೊಡ್ಡ ಕುದುರೆಯ ಬುರುಡೆ ನಿಜಕ್ಕೂ ಹೆಚ್ಚುಕಮ್ಮಿ ಇಷ್ಟೇ ಇರುತ್ತದೆ. ಮೇಲಿನ ಹಲಗೆ ಒಂದು, ಹಣೆಯ ಹತ್ತಿರ 20 ಸೆಂ.ಮೀ. ಅಗಲ, ಮೂಗಿನ ತುದಿಗೆ ಬರುವಷ್ಟರಲ್ಲಿ ಚೂಪು. ಅಂಗುಳಕ್ಕೆ ಇನ್ನೊಂದು. ರಟ್ಟಿನ ಒಳಗಿನ ಗೆರೆಗಳು ಮುಖದ ಉದ್ದಕ್ಕೆ ಇರುವ ಹಾಗೆ ಕತ್ತರಿಸಿ, ಅಡ್ಡಕ್ಕೆ ಇಟ್ಟರೆ ಮೂತಿ ಮಡಚಿಕೊಳ್ಳುತ್ತದೆ. ಇದನ್ನು ಫೆವಿಕಾಲ್ ಮತ್ತು ಪೇಪರ್ ಟೇಪಿನಲ್ಲಿ ಜೋಡಿಸುವುದು ದೊಡ್ಡ ವಿದ್ಯೆಯಲ್ಲ, ಶಾಲೆಯಲ್ಲಿ ಮಾಡಿದ ಮನೆ ಮಾದರಿಯ ಹಾಗೇ.

ಕೆಳದವಡೆಗೆ ಬನ್ನಿ. ಇಲ್ಲಿ ಟೈಮ್ ಕೊಡಿ, ಬೇರೆಲ್ಲ ಕಡೆ ಅವಸರ ಮಾಡಿದರೂ ಪರವಾಗಿಲ್ಲ.

ದವಡೆಯ ಎರಡು ಪಕ್ಕಗಳು ಮುಂದೆ ಗದ್ದದಲ್ಲಿ ಸೇರುತ್ತವೆ, ಹಿಂದೆ ಅಗಲವಾಗಿ ದುಂಡಗಾಗುತ್ತವೆ. ಕೀಲು ಬರುವುದು ಕಣ್ಣಿನ ಹಿಂದೆ, ಸ್ವಲ್ಪ ಕೆಳಗೆ. ಆ ಕೀಲಿನಿಂದಲೂ ಹಿಂದಕ್ಕೆ 9 ಸೆಂ.ಮೀ. ಬಾಲ ಬಿಟ್ಟು ರಟ್ಟು ಕತ್ತರಿಸಿ. ಅಸಲಿ ಕುದುರೆಗೆ ಈ ಬಾಲ ಇಲ್ಲ, ಆದರೆ ಬಟ್ಟೆಯೊಳಗೆ ಹೋಗುವುದರಿಂದ ಯಾರಿಗೂ ಕಾಣುವುದಿಲ್ಲ. ಕೆಲಸ ಮಾಡುವುದು ಇದೇ. ದವಡೆ ತನ್ನ ಭಾರಕ್ಕೆ ತಾನೇ ಕೆಳಗೆ ಜೋತು ಬಿದ್ದು ಬಾಯಿ ತೆರೆದಿರುತ್ತದೆ. ಹಿಂದಿನ ಬಾಲವನ್ನು ದಾರದಿಂದ ಕೆಳಕ್ಕೆ ಎಳೆದರೆ ಮುಂಭಾಗ ಮೇಲೆದ್ದು ಬಾಯಿ ಮುಚ್ಚಿಕೊಳ್ಳುತ್ತದೆ. ಏತದ ಲೆಕ್ಕ. ಮೂರು ಸೆಂಟಿಮೀಟರ್ ಎಳೆದರೆ ಸಾಕು, ಮುಂದೆ ಇಡೀ ಬಾಯಿ ಆಡುತ್ತದೆ.

ಕೋಲು ಐದಡಿಯದು. ಕಸಬರಿಕೆಯ ಮರದ ಹಿಡಿಯೂ ಆದೀತು. ಅದರ ಮೇಲ್ತುದಿಯಿಂದ ಒಂದು ಗೇಣು ಕೆಳಗೆ ತೂತು ಕೊರೆದು, ಪೆನ್ಸಿಲ್ ದಪ್ಪದ ಮರದ ಕಡ್ಡಿಯನ್ನು ತೂರಿಸಿ. ಈ ಕಡ್ಡಿಯೇ ಕೀಲು: ಬುರುಡೆಯ ಒಂದು ಪಕ್ಕ, ದವಡೆಯ ಒಂದು ಪಕ್ಕ, ಕೋಲು, ದವಡೆಯ ಇನ್ನೊಂದು ಪಕ್ಕ, ಬುರುಡೆಯ ಇನ್ನೊಂದು ಪಕ್ಕ, ಹೀಗೆ ಎಲ್ಲವನ್ನೂ ಪೋಣಿಸಿಕೊಂಡು ಹೋಗಬೇಕು. ಕೋಲಿನ ತುದಿಯನ್ನು ಹಣೆಯ ಹಲಗೆಯ ಒಳಗಡೆಗೆ ಒಂದು ಮರದ ತುಂಡು ಕೊಟ್ಟು ಅಂಟು, ಹುರಿ ಎರಡೂ ಹಾಕಿ ಭದ್ರವಾಗಿ ಬಿಗಿಯಿರಿ. ಇಲ್ಲದಿದ್ದರೆ ತಲೆ ಕಡ್ಡಿಯ ಮೇಲೆ ತೊಟ್ಟಿಲಿನ ಹಾಗೆ ತೂಗುತ್ತದೆ. ರಟ್ಟಿನ ತೂತು ಬೇಗ ಸವೆಯುತ್ತದೆ, ಅದಕ್ಕೆ ಮೊಸರಿನ ಡಬ್ಬಿಯ ಮುಚ್ಚಳ ದುಂಡಗೆ ಕತ್ತರಿಸಿ ಎರಡೂ ಕಡೆ ಅಂಟಿಸಿ. ಬಾಲಗಳ ನಡುವೆ ಒಂದು ಬಿದಿರು ಕಡ್ಡಿ ಅಡ್ಡ ಕಟ್ಟಿ, ಅದರ ಮಧ್ಯಕ್ಕೆ ನೈಲಾನ್ ದಾರ. ದಾರ ಕೋಲಿನ ಹಿಂಬದಿಯಲ್ಲಿ ಒಂದು ತಂತಿಯ ಕುಣಿಕೆಯೊಳಗೆ ಹಾದು ನಿಮ್ಮ ಕೈಗೆ ಬರಲಿ. ಕುಣಿಕೆಯ ಕೆಳಗೆ ದಾರಕ್ಕೆ ಒಂದು ಗಂಟು ಹಾಕಿ, ಬಾಯಿ ಒಂದು ಗೇಣಿಗಿಂತ ಜಾಸ್ತಿ ತೆರೆಯಬಾರದು. ತೆರೆದರೆ ಆಕಳಿಸಿದ ಹಾಗೆ ಕಾಣುತ್ತದೆ, ಆಕಳಿಸುವ ದೆವ್ವಕ್ಕೆ ಯಾರೂ ಹೆದರುವುದಿಲ್ಲ.

ಎಳೆದು ನೋಡಿ. ಥಪ್ ಅಂತ ಸದ್ದು ಬಂತಾ? ರಟ್ಟಿಗೆ ರಟ್ಟು ಬಡಿದರೆ ಅಷ್ಟೇ, ಚಪ್ಪಲಿ ಬಿದ್ದ ಹಾಗೆ. ನಮಗೆ ಬೇಕಾಗಿದ್ದು ಕಟ್. ಹಳೇ ಮರದ ಸ್ಕೇಲನ್ನು ತುಂಡು ಮಾಡಿ, ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲಿನ ಸಾಲಿನ ಅಂಚಿಗೆ ಒಂದಕ್ಕೊಂದು ಎದುರಾಗಿ ಅಂಟಿಸಿ. ಹಲ್ಲುಗಳನ್ನು ಅದರ ಮೇಲೇ ಬರೆಯಬಹುದು. ನಾನು ಪರೀಕ್ಷೆ ಮಾಡಿದ್ದು ಹೀಗೆ: ಪಕ್ಕದ ರೂಮಿನಲ್ಲಿ ಟಿವಿ ನೋಡುತ್ತಿದ್ದವಳು ಎದ್ದು ಬಂದು "ಏನ್ರೀ ಅದು" ಅಂತ ಕೇಳುವ ತನಕ ಸ್ಕೇಲಿನ ತುಂಡು ಬದಲಾಯಿಸುತ್ತಾ ಹೋದೆ. ಮೂರನೇ ಸಲಕ್ಕೆ ಬಂದಳು.

ಮೇಲಿನ ಮೈಗೆ ಪೇಪರ್ ಮತ್ತು ಮೈದಾ ಅಂಟು. ಸಿನಿಮಾ ಪೋಸ್ಟರ್ ಅಂಟಿಸುವವರ ಅಂಟೇ, ಒಂದು ಲೋಟ ಮೈದಾಗೆ ನಾಲ್ಕೈದು ಲೋಟ ನೀರು, ಗಂಟಿಲ್ಲದ ಹಾಗೆ ಕದಡಿ ಸಣ್ಣ ಉರಿಯಲ್ಲಿ ಗಂಜಿ ಮಾಡಿ. ಹಳೇ ಕಾಲದಲ್ಲಿ ಹುಳ ಹಿಡಿಯಬಾರದು ಅಂತ ಮೈಲುತುತ್ತ ಹಾಕುತ್ತಿದ್ದರು, ಅದು ವಿಷ, ಮಕ್ಕಳಿರುವ ಮನೆಯಲ್ಲಿ ಬೇಡ. ನ್ಯೂಸ್‌ಪೇಪರ್ ಸೀಳಿ ಸೀಳಿ ಮೂರು ಪದರ ಹಚ್ಚಿ, ಪ್ರತಿ ಪದರವೂ ಪೂರ್ತಿ ಒಣಗಲಿ. ಕಣ್ಣಿನ ಸುತ್ತಲಿನ ಬಳೆಗೆ ಪೇಪರನ್ನು ಹಗ್ಗದ ಥರ ಹೊಸೆದು ಸುತ್ತಿ. ಕೆನ್ನೆಯ ಉದ್ದಕ್ಕೂ ಒಂದು ಏಣು ಬರುತ್ತದೆ, ಅದಕ್ಕೂ ಹೀಗೇ.

ಬಣ್ಣ ಬಿಳಿ ಅಲ್ಲ. ಬಿಳಿ ಬಳಿದರೆ ಥರ್ಮೋಕೋಲ್ ಥರ ಕಾಣುತ್ತದೆ. ಮೊದಲು ತಿಳಿ ಕೆನೆ ಬಣ್ಣ ಹಚ್ಚಿ, ಒಣಗಿದ ಮೇಲೆ ಫಿಲ್ಟರ್ ಕಾಫಿಯ ಎರಡನೇ ಡಿಕಾಕ್ಷನ್ ಬ್ರಷ್‌ನಲ್ಲಿ ಸವರಿ ತಕ್ಷಣ ಬಟ್ಟೆಯಿಂದ ಒರೆಸಿ. ಸಂದುಗೊಂದಿನಲ್ಲಿ ಕಂದು ಉಳಿಯುತ್ತದೆ, ಉಬ್ಬಿದ ಕಡೆ ಹೋಗಿಬಿಡುತ್ತದೆ. ಹಳೇ ಮೂಳೆಯ ಬಣ್ಣ ಅದೇ. ಮೊದಲನೇ ಡಿಕಾಕ್ಷನ್ ವೇಸ್ಟ್ ಮಾಡಬೇಡಿ, ಕುಡಿಯಿರಿ.

ಆಮೇಲೆ ವಾರ್ನಿಷ್. ದಯವಿಟ್ಟು ಇದನ್ನು ಬಿಡಬೇಡಿ. ನನ್ನ ಮೊದಲ ಮಾರಿಗೆ ವಾರ್ನಿಷ್ ಇರಲಿಲ್ಲ. ಇಲ್ಲಿಯ ಜನವರಿ ಮಳೆ ಜೋರಾಗಿ ಬರುವುದೂ ಇಲ್ಲ, ನಿಲ್ಲುವುದೂ ಇಲ್ಲ. ಎರಡನೇ ಮನೆಯ ಹತ್ತಿರ ಮೈದಾ ಕರಗೋಕೆ ಶುರುವಾಯಿತು. ಮೂರನೇ ಮನೆಯಲ್ಲಿ ಮೂಗು ಆನೆಯ ಸೊಂಡಿಲಿನ ಹಾಗೆ ಕೆಳಗೆ ಬಾಗಿತ್ತು. ಬಾಗಿಲು ತೆಗೆದ ಹುಡುಗಿ "ಅಮ್ಮಾ, ಆನೆ ಬಂದಿದೆ" ಅಂತ ಒಳಗೆ ಓಡಿದಳು.

ಕಣ್ಣಿಗೆ ಹಿಂದೆ ಬಾಟಲಿ ಗಾಜು ಹಾಕುತ್ತಿದ್ದರು. ನೀವು ಗಾಜು ಕತ್ತರಿಸೋಕೆ ಹೋಗಬೇಡಿ, ಹಸಿರು ಪ್ಲಾಸ್ಟಿಕ್ ಬಾಟಲಿಯ ತಳ ಸಾಕು, ಹಿಂದೆ ಸಣ್ಣ ಬ್ಯಾಟರಿ ದೀಪ ಇಟ್ಟರೆ ದೂರದಿಂದಲೇ ಹೊಳೆಯುತ್ತದೆ. ಕಿವಿ ಕಪ್ಪು ಬಟ್ಟೆಯದು. ಹಣೆಗೆ, ಕಿವಿಯ ಬುಡಕ್ಕೆ ರಿಬ್ಬನ್ನು ಎಷ್ಟು ಬೇಕಾದರೂ ಹಾಕಿ, ಇಲ್ಲಿ ಜಿಪುಣತನ ಬೇಡ, ಸಾವಿನ ಮುಖಕ್ಕೆ ಮದುವೆಯ ಅಲಂಕಾರ ಮಾಡಿದ ಹಾಗೆ ಇರಬೇಕು. ಎರಡು ಕಡೆ ಲಗಾಮು, ಅದಕ್ಕೆ ನಾಲ್ಕು ಗೆಜ್ಜೆ.

ಬಟ್ಟೆಗೆ ಎಲ್ಲರೂ ಬೆಡ್‌ಶೀಟ್ ಬಳಸುತ್ತಾರೆ. ನಾನು ಬಳಸಿದ್ದು ಅಪ್ಪನ ಹಳೇ ಎಂಟು ಮೊಳದ ಪಂಚೆ, ಅಂಚನ್ನು ಒಳಗೆ ಮಡಚಿ ಹೊಲಿದದ್ದು. ಬೆಡ್‌ಶೀಟ್‌ಗಿಂತ ಪಂಚೆಯೇ ವಾಸಿ ಅಂತ ಧೈರ್ಯವಾಗಿ ಹೇಳುತ್ತೇನೆ. ಒಳಗಿರುವವರಿಗೆ ತೆಳು ಬಟ್ಟೆಯ ಮೂಲಕ ದಾರಿ ಕಾಣುತ್ತದೆ, ಹೊರಗಿನವರಿಗೆ ಕತ್ತಲಲ್ಲಿ ಒಳಗೆ ಏನೂ ಕಾಣುವುದಿಲ್ಲ. ಬುರುಡೆಯ ಹಿಂಭಾಗಕ್ಕೆ ಸುತ್ತಲೂ ಹೊಲಿದು, ಮುಂದೆ ಕೈ ಆಡುವಷ್ಟು ಸಡಿಲ ಬಿಡಿ. ಬಟ್ಟೆಯ ನೆರಿಗೆ ಅರ್ಧ ಕೆಲಸ ಮಾಡುತ್ತದೆ. ವೇಲ್ಸ್‌ನ ಕಲಾವಿದ ಕ್ಲೈವ್ ಹಿಕ್ಸ್-ಜೆಂಕಿನ್ಸ್ ಬರೆದ ದೊಡ್ಡ ಮಾರಿ ಚಿತ್ರಗಳಿವೆ. ಅವರ ತಂದೆ ಚಿಕ್ಕಂದಿನಲ್ಲಿ ಮಾರಿಯನ್ನು ನೋಡಿ ಹೆದರಿದ್ದರಂತೆ, ಆ ಹೆದರಿಕೆ ವಯಸ್ಸಾದ ಮೇಲೂ ಬಿಡಲಿಲ್ಲ, ಮಗ ಅದನ್ನೇ ಸರಣಿಯಾಗಿ ಬರೆದರು. ಬುರುಡೆಯ ಮೇಲೆ ಕಣ್ಣು ಹೋಗುವುದು ಸಹಜ, ನೀವು ಬಟ್ಟೆಯನ್ನೂ ನೋಡಿ.

ತಂಡಕ್ಕೆ ಕನಿಷ್ಠ ನಾಲ್ಕು ಜನ ಬೇಕು. ಒಬ್ಬರು ಮಾರಿಯ ಬಟ್ಟೆಯೊಳಗೆ. ಒಬ್ಬರು ಲಗಾಮು ಹಿಡಿದ ಮುಂದಾಳು. ಪಿಟೀಲು ಬಾರಿಸುವವರು ಸಿಕ್ಕರೆ ಅದೃಷ್ಟ. ಹಳೇ ತಂಡಗಳಲ್ಲಿ ಪಂಚ್ ಮತ್ತು ಜೂಡಿ ಅಂತ ಗಂಡಹೆಂಡತಿ ವೇಷದ ಜೋಡಿಯೂ ಇರುತ್ತಿತ್ತು. ಜೂಡಿ ಪೊರಕೆ ಹಿಡಿದು ಮನೆಯೆಲ್ಲ ಗುಡಿಸುವುದು, ಪಂಚ್ ಒಲೆಯ ಬೆಂಕಿ ಕೆದಕುವುದು. ಬೆಂಕಿ ಮುಟ್ಟುವುದಿಲ್ಲ ಅಂತ ಪಂಚ್‌ನಿಂದ ಮಾತು ತಗೊಂಡೇ ಒಳಗೆ ಬಿಡುತ್ತಿದ್ದ ಮನೆಗಳಿದ್ದವು.

ಮಾರಿಯ ಬಟ್ಟೆಯೊಳಗಿರುವವರು ಹಾಡಬಾರದು, ಮಾತಾಡಬಾರದು. ಅವರ ಮಾತೆಲ್ಲ ದವಡೆಯಲ್ಲೇ.

ಈಗ ಹಾಡು. ಇದಕ್ಕೆ ಪುಂಕೊ ಅನ್ನುತ್ತಾರೆ. ಬಾಗಿಲ ಹೊರಗಿನವರು ಒಂದು ಚರಣ, ಮನೆಯ ಒಳಗಿನವರು ಒಂದು ಚರಣ, ಯಾರಿಗೆ ಉತ್ತರ ಹೊಳೆಯುವುದಿಲ್ಲವೋ ಅವರು ಸೋತರು. ಹರದೇಶಿ-ನಾಗೇಶಿ ಸವಾಲು-ಜವಾಬು ಹಾಡು ಕೇಳಿದವರಿಗೆ ಇದರ ರುಚಿ ತಕ್ಷಣ ಗೊತ್ತಾಗುತ್ತದೆ. ಕೊನೆಗೆ ಗೆಲ್ಲುವುದು ಬಹುಪಾಲು ಮಾರಿಯ ಕಡೆಯವರೇ, ಒಳಗೆ ಬಂದು ಬಿಯರು, ಕೇಕು ತಿಂದು ಹೋಗುತ್ತಾರೆ. ಮನೆಯವರು ಬೇಕಂತಲೇ ಸೋಲುವುದೂ ಉಂಟು. ವೆಲ್ಶ್ ಹಾಡಿನ ಮೊದಲ ಚರಣ ತುಂಬಾ ವಿನಯದ್ದು: ಬಂದಿದ್ದೇವೆ, ನಾವು ಪಾಪದವರು, ಹಾಡೋಕೆ ಅಪ್ಪಣೆ ಕೊಡಿ. ಆಮೇಲೆ ವಿನಯ ಮುಗಿಯಿತು. ನಿನ್ನ ದನಿ ಕೆಟ್ಟದ್ದು, ನೀನು ಕುಡುಕ, ನಿನ್ನ ಮನೆಯಲ್ಲಿ ಕೈಬಿಚ್ಚಿ ಕೊಟ್ಟವರೇ ಇಲ್ಲ, ಹೀಗೆ ಸಾಗುತ್ತದೆ.

ಮಜಾ ಏನೆಂದರೆ, ಈ ಚರಣಗಳು ನಮಗೆ ಸಿಕ್ಕಿದ್ದು ಇದನ್ನು ಬೈದವರಿಂದ. ವಿಲಿಯಂ ರಾಬರ್ಟ್ಸ್ ಅಂತ ಒಬ್ಬ ಬ್ಯಾಪ್ಟಿಸ್ಟ್ ಪಾದ್ರಿ 1852ರಲ್ಲಿ ಇಂಥ ಆಚರಣೆಗಳನ್ನೆಲ್ಲ ಜಾಡಿಸಿ ಒಂದು ಪುಸ್ತಕ ಬರೆದರು. ಇದು ಹುಚ್ಚಾಟ, ಇತಿಹಾಸಕಾರರ ಮ್ಯೂಸಿಯಂ ಬಿಟ್ಟು ಇನ್ನೆಲ್ಲೂ ಇದಕ್ಕೆ ಜಾಗ ಇರಬಾರದು ಅಂದರು. ಬೈಯುವ ಭರದಲ್ಲಿ ಇಪ್ಪತ್ತು ಚರಣಗಳನ್ನು ಅಚ್ಚು ಹಾಕಿಸಿಬಿಟ್ಟರು. ಜನ ಅದನ್ನೇ ನೋಡಿ ಕಲಿತರು! ಕಾರ್ಡಿಫ್ ಹತ್ತಿರದ ಸೇಂಟ್ ಫಾಗನ್ಸ್ ಮ್ಯೂಸಿಯಂನಲ್ಲಿ ಮಾರಿ ಇದೆ, ಅಷ್ಟರ ಮಟ್ಟಿಗೆ ಪಾದ್ರಿಯ ಆಸೆ ನೆರವೇರಿತು. ಬೀದಿಯಲ್ಲೂ ಇದೆ.

ಸ್ವಂತ ಚರಣ ಕಟ್ಟೋದು ಕಷ್ಟವಲ್ಲ. ವೆಲ್ಶ್‌ನಲ್ಲಿ ಎರಡು ಚಿಕ್ಕ ಸಾಲು ಪ್ರಾಸದಲ್ಲಿ ಬಂದು, ಕೊನೆಗೆ "ನೋಸ್ ಹೆನೊ", ಅಂದರೆ ಈ ರಾತ್ರಿ ಅಂತ ಮುಗಿಯುತ್ತದೆ. ಕನ್ನಡದಲ್ಲಿ ನಾವು ಮನೆಯಲ್ಲಿ ಆಡಿದ್ದು ಹೀಗಿತ್ತು. ಹೊರಗಿನವರು:

ಬಂದೆವು ನಾವು ಬಾಗಿಲ ಬಳಿಗೆ,
ನಡುಗುತ ನಿಂತೆವು ಮಾಗಿಯ ಚಳಿಗೆ,
ಹಾಡಲು ಅಪ್ಪಣೆ ಕೊಡಿರಣ್ಣ, ಈ ರಾತ್ರಿ.

ಒಳಗಿನವರು:

ದನಿಯೋ ಇದು, ಒಡಕಲು ಗಡಿಗೆ?
ಬೆಕ್ಕೂ ಓಡಿತು ಹಿತ್ತಲ ಕಡೆಗೆ,
ಬಾಗಿಲು ತೆಗೆಯೋದಿಲ್ಲಣ್ಣ, ಈ ರಾತ್ರಿ.

ಹೊರಗಿನವರು:

ಬೆಕ್ಕು ಓಡಿದ್ದು ಹಾಡಿಗೆ ಅಲ್ಲ,
ನಿಮ್ಮಡುಗೆಮನೆಯಲಿ ಹಾಲೇ ಇಲ್ಲ,
ಕುದುರೆಗೆ ಏನು ಕೊಡುವಿರೊ ಅಣ್ಣ, ಈ ರಾತ್ರಿ.

ನೋಡಿದಿರಾ, ಮೂರನೆಯದು ಹೊಸದಾಗಿ ಏನೂ ತರಲಿಲ್ಲ. ಎದುರಿನವರ ಬೆಕ್ಕನ್ನೇ ಹಿಡಿದು ತಿರುಗಿಸಿತು. ಗೆಲ್ಲುವ ಗುಟ್ಟು ಇಷ್ಟೇ. ಮೊದಲೇ ಬರೆದುಕೊಂಡು ಹೋದ ಚರಣ ಎಷ್ಟು ಚೆನ್ನಾಗಿದ್ದರೂ ಎದುರಿನವರ ಮಾತಿಗೆ ತಾಗದಿದ್ದರೆ ಚಪ್ಪೆ. ಒಳಗಿನವರು ಉತ್ತರ ಹುಡುಕುತ್ತಾ ಒಂದು ಕ್ಷಣ ಸುಮ್ಮನಾಗುತ್ತಾರಲ್ಲ, ಆಗ ದಾರ ಎಳೆಯಿರಿ. ಒಂದೇ ಕಟ್. ಅಲ್ಲಿಯವರೆಗೆ ದವಡೆ ಸುಮ್ಮನಿರಲಿ, ಹಾಡಿನ ಉದ್ದಕ್ಕೂ ಕಟಕಟ ಅನ್ನಿಸುತ್ತಿದ್ದರೆ ತಾಳ ಅಂದುಕೊಳ್ಳುತ್ತಾರೆ.

ಹೋಗುವ ಮನೆಗಳಿಗೆ ಮೊದಲೇ ಹೇಳಿರಿ, ವಯಸ್ಸಾದವರಿರುವ ಕಡೆ ಇನ್ನೂ ಮುಂಚೆ. ನಾಯಿಗಳಿಗೆ ಮಾರಿ ಕಂಡರೆ ಆಗುವುದಿಲ್ಲ. ಒಳಗೆ ಬಂದ ಮೇಲೆ ಮಾರಿ ಹೆಣ್ಣುಮಕ್ಕಳ ಹಿಂದೆ ಓಡಾಡಿ ಕಚ್ಚೋಕೆ ಬಂದ ಹಾಗೆ ಮಾಡುವುದು, ಮುಂದಾಳು ಲಗಾಮು ಎಳೆದು ತಡೆಯುವುದು ಆಟದ ಭಾಗ. ಆದರೆ ನಿಜವಾಗಿ ಅಳುತ್ತಿರುವ ಮಗುವಿನ ಹತ್ತಿರ ಹೋಗಬೇಡಿ. ನಮ್ಮ ಮಾರಿ ಅಂಥ ಮಗು ಕಂಡರೆ ತಲೆ ಬಗ್ಗಿಸಿ ಮೂತಿ ಮುಂದೆ ಚಾಚಿ ನಿಲ್ಲುತ್ತದೆ. ಐದು ನಿಮಿಷದಲ್ಲಿ ಮಗು ತಾನೇ ಬಂದು ರಿಬ್ಬನ್ನು ಎಳೆಯುತ್ತದೆ.

ಹಬ್ಬ ಮುಗಿದ ಮೇಲೆ ದಾರ ಸಡಿಲ ಮಾಡಿ, ಕಣ್ಣಿನ ಬ್ಯಾಟರಿ ತೆಗೆದು, ಪಂಚೆ ಒಗೆದು ಒಣಗಿಸಿ, ತೇವ ಇಲ್ಲದ ಕಡೆ ಇಡಿ. ನಮ್ಮದು ಮೆಟ್ಟಿಲ ಕೆಳಗಿನ ಬೀರುವಿನಲ್ಲಿದೆ, ಗ್ಯಾಸ್ ಮೀಟರ್ ಇರುವುದೂ ಅಲ್ಲೇ. ಮಾರ್ಚ್‌ನಲ್ಲಿ ಮೀಟರ್ ನೋಡೋಕೆ ಒಬ್ಬರು ಬಂದರು. ನಾನು ಅಡುಗೆಮನೆಯಿಂದ ಓಡಿ ಬಂದು ಎಚ್ಚರಿಸುವಷ್ಟರಲ್ಲಿ ಬಾಗಿಲು ತೆಗೆದೇಬಿಟ್ಟಿದ್ದರು. ಒಂದು ಗಳಿಗೆ ನೋಡಿದರು. "ಓ, ಮಾರಿ" ಅಂದರು. ಮೂತಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ನಂಬರು ಬರೆದುಕೊಂಡರು.